ಫುಯುವಿನ ಸಂತಾನ

ಆ ವರ್ಷ ಬೆಟ್ಟದೂರು ಕೊಚಪಾತದಲ್ಲಿ, ಉಣ್ಣೆಗಾಗಿ ಅಲ್ಪಾಕ ಎಂಬ ಉದ್ದ ಕತ್ತಿನ ಪ್ರಾಣಿ ಸಾಕುವವರ ಸಭೆ ಒಂದು ತೀರ್ಮಾನಕ್ಕೆ ಬಂದಿತ್ತು. ಮನೆಗೊಂದು ಬೀಜದ ಗಂಡು ಇಟ್ಟುಕೊಂಡು ಒಬ್ಬೊಬ್ಬರ ಉಣ್ಣೆ ಒಂದೊಂದು ಥರ ಆಗುವುದಕ್ಕಿಂತ, ಊರಿಗೆಲ್ಲ ಒಂದೇ ಒಳ್ಳೆಯ ಗಂಡನ್ನು ಆರಿಸಿ ಎಲ್ಲರ ಆಯ್ದ ಹೆಣ್ಣುಗಳನ್ನೂ ಅದಕ್ಕೇ ಕೂಡಿಸುವುದು ಅಂತ. ಯಾವ ಗಂಡು ಎಂಬ ಬಗ್ಗೆ ಚರ್ಚೆಯೇ ನಡೆಯಲಿಲ್ಲ. ಒನೊರಾತೊ ತುರ್ಪೊ ಅವರ ಫುಯು ಹೋದ ಪ್ರದರ್ಶನದಲ್ಲೆಲ್ಲ ಮೊದಲ ಬಹುಮಾನ ತಂದಿತ್ತು. ಫುಯು ಅಂದರೆ ನಮ್ಮ ಮಾತಿನಲ್ಲಿ ಮೋಡ. ಬೆಟ್ಟದ ಇಳಿಜಾರಿನಲ್ಲಿ ಅದು ನಿಂತಿದ್ದರೆ ಆ ಹೆಸರು ಯಾಕೆ ಬಂತು ಅಂತ ಯಾರೂ ಕೇಳುತ್ತಿರಲಿಲ್ಲ.

ಆದರೆ ಜಿಲ್ಲೆಯ ಸಂಘ ಒಪ್ಪಬೇಕಾದರೆ ಪರಿಣತರೊಬ್ಬರು ಬಂದು ಪ್ರಾಣಿಯನ್ನು ಪರೀಕ್ಷಿಸಿ ಸಹಿ ಹಾಕಬೇಕಿತ್ತು.

"ಯಾರನ್ನ ಕರ್ಸೋಣ?" ಎಂದು ಊರಿನ ಅಧ್ಯಕ್ಷ ಸತುರ್ನೀನೊ ಕೇಳಿದಾಗ ಒನೊರಾತೊ ಟೋಪಿ ಹಿಂದಕ್ಕೆ ಸರಿಸಿ ನಕ್ಕರು.

"ಯಾರನ್ನ ಅಂದ್ರೆ? ನನ್ನ ಮಗಳಿಲ್ವಾ?"

ಅವರು ಮಗಳು ಅಂದದ್ದು ಹುಸ್ತೀನ ಲಾಯ್ಮೆಯನ್ನು. ಹೆತ್ತ ಮಗಳಲ್ಲ. ಅವಳ ತಲೆಗೂದಲು ಮೊದಲ ಸಲ ಕತ್ತರಿಸಿದಾಗ ಕತ್ತರಿ ಹಿಡಿದವರು ಒನೊರಾತೊ, ಹಾಗಾಗಿ ಧರ್ಮದ ತಂದೆ. ತಾಯಿ ಸತ್ತ ಮೇಲೆ ಅವಳು ಬೆಳೆದದ್ದು ಅವರ ಮನೆಯಲ್ಲೇ, ಅವರ ಹೆಂಡತಿ ಕಸಿಮೀರಳ ಮಗ್ಗುಲಲ್ಲಿ. ಓದಿಸಿದ್ದೂ ಅವರೇ. ಅಲ್ಪಾಕದ ತುಪ್ಪಟವನ್ನು, ಮೈಮೇಲಿನ ಉಣ್ಣೆಯನ್ನು, ಹೇಗೆ ಬಿಡಿಸಿ ನೋಡಬೇಕು ಎಂದು ಅವಳ ಕೈ ಹಿಡಿದು ಮೊದಲು ಕಲಿಸಿದವರೂ ಅವರೇ. ಆಮೇಲೆ ಅವಳು ಪಟ್ಟಣದಲ್ಲಿ ಪಶುವಿಜ್ಞಾನ ಓದಿ, ಪ್ರದರ್ಶನಗಳಲ್ಲಿ ತೀರ್ಪುಗಾರಳಾಗಿ ಹೆಸರು ಮಾಡಿದಳು. ಅವಳು ಬಹುಮಾನದ ಪಟ್ಟಿ ಕಟ್ಟಿದ ಪ್ರಾಣಿಯನ್ನು ಕೊಳ್ಳಲು ಜನ ಮರುಮಾತಾಡುತ್ತಿರಲಿಲ್ಲ.

ಫೆಬ್ರವರಿಯ ಒಂದು ಬೆಳಿಗ್ಗೆ ಅವಳು ಕೆಸರೆಲ್ಲ ಮೆತ್ತಿದ ಮೋಟಾರ್ ಬೈಕಿನಲ್ಲಿ ಬಂದಿಳಿದಾಗ ಒನೊರಾತೊ ದೊಡ್ಡಿಯ ಕಲ್ಲುಗೋಡೆಯ ಬಳಿ ಕಾದಿದ್ದರು. ಹಬ್ಬದ ಜಾಕೆಟ್ಟು ಹಾಕಿಕೊಂಡಿದ್ದರು.

"ಬಂದ್ಯಾ ತಾಯಿ? ಈಗ ದೊಡ್ಡ ಮನುಷ್ಯಳಾಗ್ಬಿಟ್ಟಿದೀಯ. ಸಭೆ ಸೇರ್ಸಿ, ಠರಾವು ಮಾಡ್ಸಿ ಕರೀಬೇಕು ನಿನ್ನ."

"ಕರೀದೆ ಯಾರ ದೊಡ್ಡಿಗೂ ಕಾಲಿಡಬೇಡ ಅಂತ ನೀವೇ ಅಲ್ವಾ ಅಪ್ಪಯ್ಯ ಹೇಳ್ಕೊಟ್ಟಿದ್ದು?"

"ನಾನು ಹೇಳಿದ್ರಲ್ಲಿ ಬೇಡದ್ದೇ ನೆನಪಿಟ್ಕೋತೀಯ," ಎಂದು ಅವರು ಅವಳ ಭುಜ ತಟ್ಟಿ ಒಳಗೆ ಕರೆದುಕೊಂಡು ಹೋದರು.

ಫುಯುವನ್ನು ಹಿಡಿದು ನಿಲ್ಲಿಸಿದ್ದವರು ಅವರೇ; ಬೇರೆ ಯಾರ ಕೈಗೂ ಅದನ್ನು ಕೊಡುತ್ತಿರಲಿಲ್ಲ. ಹುಸ್ತೀನ ಮೊದಲು ದೂರ ನಿಂತು ಅದು ನಡೆಯುವುದನ್ನು ನೋಡಿದಳು. ಕಾಲುಗಳು ನೆಟ್ಟಗಿದ್ದವು, ಬೆನ್ನು ಎಲ್ಲೂ ಕುಸಿದಿರಲಿಲ್ಲ. ಹತ್ತಿರ ಬಂದು ತುಟಿ ಬಿಡಿಸಿದಳು. ಕೆಳಗಿನ ಹಲ್ಲು ಮೇಲಿನ ಒಸಡಿಗೆ ಸರಿಯಾಗಿ ಕೂಡಿತ್ತು. ಕಣ್ಣು ಕಪ್ಪು, ಕಿವಿ ಈಟಿಯ ಮೊನೆಯಂತೆ. ಹಿಂದೆ ಹೋಗಿ ಬಾಲ ಎತ್ತಿ, ವೃಷಣಗಳನ್ನು ಅಂಗೈಯಲ್ಲಿ ಹಿಡಿದು ನೋಡಿದಳು. ಎರಡೂ ಸಮ, ಗಟ್ಟಿ. ಫುಯು ಗಂಟಲಲ್ಲಿ ಗೊರಗುಟ್ಟಿ ಹಿಂಗಾಲು ಝಾಡಿಸಿತು.

"ನಾಚ್ಕೆ ಕಣಮ್ಮ ಅದಕ್ಕೆ. ನನ್ನ ಹಾಗೆ," ಎಂದರು ಒನೊರಾತೊ.

ಕೊನೆಗೆ ತುಪ್ಪಟ. ಭುಜದ ಹತ್ತಿರ ಎರಡೂ ಅಂಗೈ ಇಟ್ಟು, ಪುಸ್ತಕದ ಹಾಳೆ ತೆರೆಯುವಂತೆ ಮೆಲ್ಲಗೆ ಬಿಡಿಸಿದಳು. ಹೊರಗೆ ಧೂಳು ಹತ್ತಿ ಮಾಸಿದ ಬಿಳುಪು. ಒಳಗೆ ಚರ್ಮದವರೆಗೂ ಬೆಳ್ಳಿಯ ಹೊಳಪು. ಎಳೆಗಳು ಸೀರೆಯ ನಿರಿಗೆ ಹಿಡಿದಂತೆ ಸಣ್ಣಸಣ್ಣ ಅಲೆಯಾಗಿ, ಒಂದರ ಪಕ್ಕ ಒಂದು ಒತ್ತಾಗಿ ನಿಂತಿದ್ದವು. ಪಕ್ಕೆಯಲ್ಲೂ ಹಾಗೇ. ತೊಡೆಯ ಮೇಲೆ, ಎಂಥ ಒಳ್ಳೆಯ ಪ್ರಾಣಿಯಲ್ಲೂ ಎಳೆ ದಪ್ಪವಾಗುವ ಜಾಗದಲ್ಲೂ ಹಾಗೇ. ಎದೆಯ ಕೆಳಗೆ ಬೆರಳಾಡಿಸಿ ಒರಟು ಕೂದಲು ಹುಡುಕಿದಳು, ಸಿಗಲಿಲ್ಲ. ಒಂದು ಎಳೆಗೊಂಚಲನ್ನು ಬೆರಳಿಗೆ ಸುತ್ತಿ ತನ್ನ ಕಿವಿಯ ಬಳಿ ಹಿಡಿದು ಜಗ್ಗಿದಳು, ತುಂಡಾಗಲಿಲ್ಲ.

ಒನೊರಾತೊ ಅವಳ ಮುಖವನ್ನೇ ನೋಡುತ್ತಿದ್ದರು.

"ಇಂಥದ್ದನ್ನ ನಾನು ಎಲ್ಲೂ ನೋಡಿಲ್ಲ ಅಪ್ಪಯ್ಯ," ಎಂದಳು. ಅದು ನಿಜವಾಗಿತ್ತು. ಮುದುಕನ ಕಣ್ಣು ಒದ್ದೆಯಾಯಿತು.

"ನಮ್ಮಪ್ಪನ ಕಾಲದಿಂದ ಒಂದೇ ಬಳ್ಳಿ ಕಾಪಾಡ್ಕೊಂಡು ಬಂದಿದೀನಿ. ಹೊರಗಿನ ರಕ್ತ ಬೆರೆಸಿಲ್ಲ. ನಡಿ, ಸಹಿ ಹಾಕು. ನಿಮ್ಮವ್ವ ಕುರಿ ಸುಟ್ಟಿದಾಳೆ."

"ಮಕ್ಕಳನ್ನ ತೋರ್ಸಿ."

"ಯಾರ ಮಕ್ಕಳನ್ನ?"

"ಇದರ ಮಕ್ಕಳನ್ನ. ತುಪ್ಪಟ ಚೆನ್ನಾಗಿದ್ರೆ ಇದರ ಮೈಗೆ ಬಂತು. ಬೀಜ ಎಂಥದ್ದು ಅಂತ ಮರಿಗಳನ್ನ ನೋಡ್ದೆ ಹೇಗೆ ಹೇಳ್ಲಿ?"

ಒನೊರಾತೊ ಹೆಮ್ಮೆಯಿಂದಲೇ ತೋರಿಸಿದರು. ಹೋದ ವರ್ಷದ ಮರಿಗಳು ದೊಡ್ಡಿಯ ಇನ್ನೊಂದು ಭಾಗದಲ್ಲಿದ್ದವು. ಒಂದಕ್ಕಿಂತ ಒಂದು ಚೆಂದ. ಹುಸ್ತೀನ ಪ್ರತಿಯೊಂದರ ತುಪ್ಪಟ ಬಿಡಿಸಿ ನೋಡಿ ತಲೆದೂಗಿದಳು. ಆದರೆ ಆಚೆ ಜೌಗಿನಲ್ಲಿ ಮೇಯುತ್ತಿದ್ದ ಹೆಣ್ಣುಗಳ ಕಡೆ ನೋಡಿದಾಗ ಅವಳ ಕಾಲು ನಿಂತಿತು. ಕೆಲವು ಹೆಣ್ಣುಗಳ ಕೆಚ್ಚಲು ತುಂಬಿ ಬಿಗಿದಿದ್ದವು, ಪಕ್ಕದಲ್ಲಿ ಮರಿ ಇರಲಿಲ್ಲ. ಒಂದು ತಾಯಿ ಕತ್ತು ಚಾಚಿ ಊಂ ಊಂ ಎಂದು ಒಂದೇ ಸಮ ಕರೆಯುತ್ತಿತ್ತು.

ಕಸಿಮೀರ ಸುಟ್ಟ ಕುರಿಮಾಂಸ, ಬೇಯಿಸಿದ ಆಲೂಗಡ್ಡೆ, ಗಿಣ್ಣು ಬಟ್ಟೆಯಲ್ಲಿ ಕಟ್ಟಿಕೊಂಡು ಬಂದಳು. ಕುಳ್ಳಗೆ, ಒಣಗಿದ ಮುಖದ ಹೆಂಗಸು. ಮಾತು ಕಡಿಮೆ.

"ಈ ತಾಯಂದಿರ ಮರಿ ಎಲ್ಲವ್ವಾ?"

ಕಸಿಮೀರ ಗಂಡನ ಕಡೆ ನೋಡಿದಳು. "ಹಿಮ ಬಿತ್ತಲ್ಲ ಹೋದ ವಾರ. ಎಳೇವು ತಡೀಲಿಲ್ಲ."

ಹೋದ ವಾರವೆಲ್ಲ ಹುಸ್ತೀನ ಇದೇ ಬೆಟ್ಟಗಳಲ್ಲಿ ಓಡಾಡಿದ್ದಳು. ಮಳೆ, ಕೆಸರು. ಹಿಮ ಬಿದ್ದಿರಲಿಲ್ಲ. ಅವಳು ಆಲೂಗಡ್ಡೆಯ ಸಿಪ್ಪೆ ಸುಲಿದಳು.

ಅವರು ತಿನ್ನುತ್ತಿರುವಾಗಲೇ ಜೌಗಿನ ಅಂಚಿನಲ್ಲಿ ಒಂದು ಹೆಣ್ಣು ಈಯಿತು. ಒನೊರಾತೊ ಫುಯು ಗೆದ್ದ ಪ್ರದರ್ಶನಗಳ ಕಥೆ ಹೇಳುತ್ತಿದ್ದರು. ಕಸಿಮೀರ ಸದ್ದಿಲ್ಲದೆ ಎದ್ದು ಅತ್ತ ಹೋದಳು. ಸ್ವಲ್ಪ ಹೊತ್ತಿಗೆ ಬೆನ್ನಿಗೆ ಕಟ್ಟುವ ಬಣ್ಣದ ಬಟ್ಟೆಯಲ್ಲಿ ಏನನ್ನೋ ಸುತ್ತಿ ಎದೆಗೆ ಅವುಚಿಕೊಂಡು ದೊಡ್ಡಿಯ ಹಿಂದಕ್ಕೆ ನಡೆದದ್ದು ಹುಸ್ತೀನಳ ಕಣ್ಣಿಗೆ ಬಿತ್ತು. ಕೈ ತೊಳೆದು ಬರುತ್ತೇನೆಂದು ಹೇಳಿ ಅವಳು ಹಿಂದೆಯೇ ಹೋದಳು.

"ಏನವ್ವ ಅದು?"

"ಏನಿಲ್ಲ. ಹೋಗು ನೀನು."

"ಗಂಟು ಬಿಚ್ಚಿ."

ಕಸಿಮೀರ ಬಿಚ್ಚಲಿಲ್ಲ. ಹುಸ್ತೀನಳೇ ಬಿಚ್ಚಿದಳು. ಇನ್ನೂ ಒದ್ದೆ ಆರದ ಬಿಳಿಯ ಮರಿ. ಕಣ್ಣು ಅಗಲ, ಬಾಯಿ ತೆರೆದೇ ಇತ್ತು. ನಮ್ಮ ಚಳಿಯಲ್ಲಿ ಯಾವ ಪ್ರಾಣಿಯ ಉಸಿರಾದರೂ ಮೂಗಿನಿಂದ ಹಬೆಯಾಗಿ ಕಾಣುತ್ತದೆ. ಈ ಮರಿಯ ಮೂಗಿನಿಂದ ಏನೂ ಬರುತ್ತಿರಲಿಲ್ಲ. ಹಬೆಯೆಲ್ಲ ಬಾಯಿಂದಲೇ, ತುಂಡುತುಂಡಾಗಿ. ಹುಸ್ತೀನ ತನ್ನ ಶಾಲಿನಿಂದ ಒಂದೆಳೆ ಕಿತ್ತು ಅದರ ಮೂಗಿನ ಹೊಳ್ಳೆಗೆ ಹಿಡಿದಳು. ಎಳೆ ಅಲುಗಲಿಲ್ಲ. ಮೂಗಿನ ಹಿಂದಿನ ದಾರಿ ಮುಚ್ಚಿಕೊಂಡೇ ಹುಟ್ಟಿತ್ತು.

"ಹಾಲು ಕುಡಿಯಕ್ಕಾಗಲ್ಲ ಕಣವ್ವ ಇವಕ್ಕೆ," ಎಂದಳು ಕಸಿಮೀರ, ನೆಲ ನೋಡುತ್ತ. "ಮೊಲೆಗೆ ಬಾಯಿಟ್ರೆ ಉಸಿರು ಕಟ್ಟತ್ತೆ. ಉಸಿರಾಡಕ್ಕೆ ಬಾಯಿ ಬಿಟ್ರೆ ಮೊಲೆ ತಪ್ಪತ್ತೆ. ಸಾಯೋ ತನಕ ಅದನ್ನೇ ಮಾಡ್ತಿರತ್ತೆ. ನೋಡಕ್ಕಾಗಲ್ಲ. ಅದಕ್ಕೇ ನಾನೇ ಬೇಗ..."

ಗೋಡೆಯ ಬುಡದಲ್ಲಿ ಹೊಸದಾಗಿ ಕೆದರಿದ ಮಣ್ಣಿತ್ತು, ನರಿ ತೋಡದಂತೆ ಮೇಲೆ ಕಲ್ಲು ಹೇರಿತ್ತು. ಅದರಾಚೆ ಹಳೆಯ ಕಲ್ಲುಗುಪ್ಪೆಗಳು, ಹುಲ್ಲು ಬೆಳೆದವು.

"ಎಷ್ಟು ಹೀಗೆ?"

"ಎಣಿಸಿಲ್ಲ."

"ಅಪ್ಪಯ್ಯಂಗೆ ಗೊತ್ತಾ?"

"ಬೆಳಿಗ್ಗೆ ಹೆಣ್ಣು ಈದಿತ್ತು ಅಂತ ಗೊತ್ತಿರತ್ತೆ. ಸಂಜೆ ಮರಿ ಇಲ್ಲ ಅಂತ ಗೊತ್ತಿರತ್ತೆ. ನಡುವೆ ಏನಾಯ್ತು ಅಂತ ಕೇಳಲ್ಲ."

ಹುಸ್ತೀನ ಮರಿಯನ್ನು ಎತ್ತಿಕೊಂಡು ಒನೊರಾತೊ ಅವರ ಮುಂದೆ ತಂದು ಇಟ್ಟಳು. ಅವರು ಅದನ್ನು ನೋಡಲಿಲ್ಲ. ಫುಯುವಿನ ಕತ್ತು ಸವರುತ್ತ ನಿಂತರು.

"ಫುಯು ಮಗಳನ್ನೇ ಫುಯುಗೆ ಕೂಡ್ಸಿದೀರಾ ಅಪ್ಪಯ್ಯ?"

"ತುಪ್ಪಟ ಕೈತಪ್ಪಬಾರ್ದು ಅಂತ ಕೂಡ್ಸಿದೆ. ಎಲ್ಲರೂ ಮಾಡೋದೇ."

"ಇದು ಫುಯು ರಕ್ತದಲ್ಲಿದೆ. ತಾಯಿ ರಕ್ತದಲ್ಲೂ ಅಡಗಿದ್ರೆ ಮರೀಲಿ ಹೊರಗೆ ಬರತ್ತೆ. ನಿಮ್ಮ ಮಂದೆ ಎಲ್ಲ ಒಂದೇ ಬಳ್ಳಿ, ಹಾಗಾಗಿ ಇಲ್ಲಿ ಈಗ್ಲೇ ಕಾಣಿಸ್ಕೊಂಡಿದೆ. ಊರಿಗೆಲ್ಲ ಇದನ್ನ ಬಿಟ್ರೆ ಊರಿಗೆಲ್ಲ ಹಬ್ಬತ್ತೆ."

"ನಾಕು ಮರಿ ಸಾಯದೇ ಇರೋ ಮಂದೆ ಯಾವ್ದಿದೆ ಹೇಳು."

"ಬೀಜ ಒಡೆಸ್ಬಿಡಿ. ಉಣ್ಣೆಗೆ ಇಟ್ಕೊಳಿ. ಬದುಕಿರೋ ತನಕ ಇಂಥ ಉಣ್ಣೆ ಕೊಡತ್ತೆ, ನಿಮ್ಮ ಹೆಸರೂ ಉಳಿಯತ್ತೆ. ಸಹಿ ಮಾತ್ರ ನನ್ನ ಕೈಲಾಗಲ್ಲ."

ಒನೊರಾತೊ ತಿರುಗಿದರು. ಮುಖದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ದಿಗಿಲಿತ್ತು. ಆಮೇಲೆ ಸಿಟ್ಟು ಬಂತು.

"ಬೀಜ ಒಡೆಸು ಅಂತೀಯಾ? ನನ್ನ ಜೀವಮಾನ ಕಣೇ ಇದು! ನಿನ್ನ ಹೆತ್ತವ್ವ ಸತ್ತಾಗ ಮೂಗು ಸೋರಿಸ್ಕೊಂಡು ಈ ದೊಡ್ಡಿ ಬಾಗಿಲಲ್ಲಿ ನಿಂತಿದ್ದೆ ನೀನು. ಇದರ ಅಜ್ಜಿ ಉಣ್ಣೆ ಹೊದ್ಕೊಂಡು ಮಲಗಿದೀಯ. ಇವತ್ತು ಅದೇ ಬಳ್ಳಿ ಕಡಿ ಅಂತ ಹೇಳಕ್ಕೆ ಬಂದ್ಯಾ?"

"ಅಪ್ಪಯ್ಯ, ನನ್ನ ಮಾತು..."

"ಮದ್ವೆ ಇಲ್ಲ, ಮಕ್ಕಳಿಲ್ಲ, ಹುಟ್ಟೋದರ ಬಗ್ಗೆ ನಂಗೆ ಪಾಠ ಹೇಳ್ತಾಳೆ! ಹೋಗು. ಸಹಿ ಹಾಕೋರು ಬೇಕಾದಷ್ಟು ಜನ ಇದಾರೆ."

ಮರಿ ಅವರಿಬ್ಬರ ನಡುವೆ ಹುಲ್ಲಿನ ಮೇಲೆ ಬಾಯಿ ತೆರೆಯುತ್ತ ಮುಚ್ಚುತ್ತ ಬಿದ್ದಿತ್ತು. ಕಸಿಮೀರ ಬಂದು ಅದನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿಕೊಂಡು ಹೋದಳು.

ಸಹಿ ಹಾಕುವವರು ಸಿಕ್ಕರು. ಪಟ್ಟಣದಿಂದ ಪೆರಾಲ್ತ ಎಂಬ, ಪಶುಸಂಗೋಪನೆ ಓದಿದ ಎಂಜಿನಿಯರ್ ಜೀಪಿನಲ್ಲಿ ಬಂದ. ಕೆಟ್ಟವನೇನಲ್ಲ, ತುಪ್ಪಟ ನೋಡಿದ, ಅಳೆದ, ಬೆರಗಾದ, ಊಟ ಮಾಡಿದ, ಸಹಿ ಹಾಕಿದ. ಮರಿ ತೋರಿಸಿ ಅಂತ ಅವನೂ ಕೇಳಿದ. ಒಳ್ಳೆಯ ಮರಿಗಳನ್ನು ತೋರಿಸಿದರು. ತುಂಬಿದ ಕೆಚ್ಚಲಿನ ಹೆಣ್ಣುಗಳನ್ನು ಆ ದಿನ ಬೆಟ್ಟದ ಆಚೆ ಮೇಯಲು ಅಟ್ಟಿದ್ದರು.

ಹುಸ್ತೀನ ಸುಮ್ಮನೆ ಕೂರಲಿಲ್ಲ. ಸಂಘದವರಿಗೆ ಹೇಳಿದಳು. ಪೆರಾಲ್ತ ಸಹಿ ಹಾಕಿಯಾಗಿದೆ ಎಂದರು ಅವರು. ಸತುರ್ನೀನೊಗೆ ಹೇಳಿದಳು. ಮನೆಯ ಜಗಳ ಊರಿಗೆ ತರಬೇಡಿ ಎಂದ ಅವನು. ಕೊನೆಗೆ ನಿಕನೋರ್ ಹಾಂಕೊನನ್ನು ಹುಡುಕಿಕೊಂಡು ಹೋದಳು. ನಿಕನೋರ್ ಒನೊರಾತೊ ಅವರ ತಂಗಿಯ ಮಗ. ತಂಗಿ ಮದುವೆಯಾಗಿ ಹೋದಾಗ ತವರಿನ ಮಂದೆಯಿಂದ ಬಳುವಳಿಯಾಗಿ ಹೆಣ್ಣುಗಳನ್ನು ಹೊಡೆದುಕೊಂಡು ಹೋಗಿದ್ದಳು. ನಿಕನೋರನ ಮಂದೆಯೆಲ್ಲ ಆ ಹೆಣ್ಣುಗಳ ಸಂತಾನ. ಅಂದರೆ ಫುಯುವಿನ ರಕ್ತವೇ. ಊರಿನಲ್ಲಿ ಯಾರಿಗೆ ಅಪಾಯವಿದ್ದರೂ ಮೊದಲು ಅವನಿಗೆ.

ಅವನು ಹೆಣ್ಣುಗಳಿಗೆ ಕಿವಿಯಲ್ಲಿ ಬಣ್ಣದ ಕುಚ್ಚು ಕಟ್ಟಿ ಮಾವನ ದೊಡ್ಡಿಗೆ ಹೊಡೆದುಕೊಂಡು ಹೋಗಲು ಸಿದ್ಧನಾಗಿದ್ದ. ಅವನ ಹೆಂಡತಿ ದಿಯೊನೀಸಿಯ ಕುಚ್ಚಿನ ನೂಲು ಹಿಡಿದು ಪಕ್ಕದಲ್ಲಿದ್ದಳು.

"ನೀವು ಮಾತ್ರ ಕಳಿಸ್ಬೇಡಿ ನಿಕನೋರ್," ಎಂದು ಹುಸ್ತೀನ ಎಲ್ಲ ವಿವರಿಸಿದಳು. ಅವನು ಕೋಕಾ ಎಲೆ ಅಗಿಯುತ್ತ ಕೇಳಿಸಿಕೊಂಡ.

"ಅಕ್ಕ, ನೀನು ಓದಿದವಳು. ಆದ್ರೆ ಮಾವ ಜೀವನದಲ್ಲಿ ಮೊದಲ್ನೇ ಸಲ ನಂಗೆ ಏನಾದ್ರೂ ಕೊಡ್ತಿದಾನೆ. ಬೇಡ ಅಂದ್ರೆ ಇನ್ನು ಅವನ ಮುಖ ನೋಡೋ ಹಾಗಿಲ್ಲ."

"ಮರಿ ಸಾಯ್ತವೆ."

"ಊರೋರು ಏನಂತಾರೆ ಗೊತ್ತಾ?" ಎಂದು ದಿಯೊನೀಸಿಯ ಬಾಯಿ ಹಾಕಿದಳು. "ಆಸ್ತಿ ಕೊಡ್ಲಿಲ್ಲ ಅಂತ ಹೊಟ್ಟೆಯುರಿ ನಿಂಗೆ ಅಂತ. ಸಾಕಿದ ಮಗಳು ಸಾಕಿದ ಮಗಳೇ ಅಂತ."

"ನಿಮಗೂ ಹಾಗೇ ಅನ್ಸತ್ತಾ?"

ದಿಯೊನೀಸಿಯ ನೂಲು ಕತ್ತರಿಸಿದಳು. ಹೆಣ್ಣುಗಳು ಕುಚ್ಚು ಅಲ್ಲಾಡಿಸುತ್ತ ಇಳಿಜಾರಿನಲ್ಲಿ ಹೊರಟವು.

ಅಲ್ಪಾಕದ ಬಸಿರು ಹೆಚ್ಚುಕಡಿಮೆ ಒಂದು ವರ್ಷ. ಆ ವರ್ಷವೆಲ್ಲ ಹುಸ್ತೀನಳಿಗೆ ಕೊಚಪಾತದಿಂದ ಕರೆ ಬರಲಿಲ್ಲ. ಮರಿಗಳ ಕಿವಿಗೆ ಗುರುತು ಹಾಕುವ ಹಬ್ಬಕ್ಕೂ, ಉಣ್ಣೆ ಕತ್ತರಿಸುವುದಕ್ಕೂ ಅವಳನ್ನು ಯಾರೂ ಕರೆಯಲಿಲ್ಲ. ಸುತ್ತಲ ಊರುಗಳಲ್ಲೂ ಮಾತು ಹಬ್ಬಿತ್ತು. ಅವಳ ಕೈ ಒಳ್ಳೆಯದಲ್ಲ, ಮುಟ್ಟಿದ ಪ್ರಾಣಿಗೆ ದೃಷ್ಟಿ ತಾಗುತ್ತದೆ ಎಂದು. ಒಂದು ಪ್ರದರ್ಶನದಲ್ಲಿ ಮುದುಕಿಯೊಬ್ಬಳು ತನ್ನ ಮರಿಯನ್ನು ಅವಳ ಮುಂದೆ ತರುವ ಮೊದಲು ಅದರ ಕಿವಿಗೆ ಕೆಂಪು ದಾರ ಕಟ್ಟಿದಳು, ಅವಳ ಕಣ್ಣೆದುರೇ. ಹುಸ್ತೀನ ಅದನ್ನು ನೋಡಿಯೂ ನೋಡದಂತೆ ತುಪ್ಪಟ ಬಿಡಿಸಿದಳು.

ಮುಂದಿನ ಜನವರಿಯಲ್ಲಿ ಕೊಚಪಾತದಲ್ಲಿ ಮರಿಗಳು ಹುಟ್ಟತೊಡಗಿದವು. ಸತುರ್ನೀನೊ ಮನೆಯಲ್ಲಿ, ಇತರರ ಮನೆಗಳಲ್ಲಿ ಬೆಳ್ಳಿಯಂಥ ಮರಿಗಳು. ಜನ ದೊಡ್ಡಿಯಿಂದ ದೊಡ್ಡಿಗೆ ಹೋಗಿ ನೋಡಿ ಬಂದರು. ಒನೊರಾತೊ ಹೋದಲ್ಲೆಲ್ಲ ಮದ್ಯದ ಬಟ್ಟಲು ಮುಂದೆ ಬಂತು. ಅವರು ಮೊದಲ ಹನಿ ನೆಲಕ್ಕೆ, ಭೂತಾಯಿಗೆ ಚೆಲ್ಲಿ, ಉಳಿದದ್ದನ್ನು ಕುಡಿದು, ನಗುತ್ತ ಮುಂದಿನ ಮನೆಗೆ ಹೋದರು.

ನಿಕನೋರನ ಮನೆಗೆ ಮಾತ್ರ ಅವರು ಹೋಗಲಿಲ್ಲ.

ಒಂದು ಮಧ್ಯಾಹ್ನ ಹುಸ್ತೀನಳ ಬಾಗಿಲು ತಟ್ಟಿದ್ದು ನಿಕನೋರ್. ಅಷ್ಟು ದೂರ ಬೆನ್ನಿನ ಬಟ್ಟೆಯಲ್ಲಿ ಮರಿಯನ್ನು ಹೊತ್ತು ತಂದಿದ್ದ. ನೆಲದ ಮೇಲೆ ಇಳಿಸಿದ.

"ನೋಡಕ್ಕ. ನೀನು ಹೇಳಿದ್ದು ಇದೇ ತಾನೆ?"

ಅವಳಿಗೆ ನೋಡಬೇಕಾದ ಅಗತ್ಯವಿರಲಿಲ್ಲ. ಆದರೂ ಕೂತು ನೋಡಿದಳು. ತೆರೆದ ಬಾಯಿ, ತುಂಡು ಉಸಿರು.

"ಇನ್ನೆಷ್ಟು ಹೋದವು?"

"ಒಳ್ಳೊಳ್ಳೇವೆಲ್ಲ ಹೋದವು. ಮೊದಲ್ನೇದು ಸತ್ತಾಗ ಚಳಿ ಅಂದ್ಕೊಂಡೆ. ಆಮೇಲಿಂದು ದಿಯೊನೀಸಿಯ ಕಂಬಳೀಲಿ ಸುತ್ತಿ ಹಾಲು ಹಿಂಡಿ ಬಾಯಿಗೆ ಬಿಟ್ಲು. ಅದು ಕೆಮ್ಮಿ ಕೆಮ್ಮಿ ಅವಳ ಮಡಿಲಲ್ಲೇ ಹೋಯ್ತು. ಇವತ್ತು ಸಭೆ ಕರ್ಸಿದೀನಿ. ನೀನು ಬಂದು ಹೇಳ್ಬೇಕು. ನಾನು ಹೇಳಿದ್ರೆ ಮಾವನ ಮುಂದೆ ಯಾರೂ ಕೇಳಲ್ಲ."

ಹಿಂದೆ ಹೇಳಿದ್ದೆನಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅವಳು ನುಂಗಿಕೊಂಡು ಬೈಕಿನ ಕೀಲಿ ತೆಗೆದುಕೊಂಡಳು.

ಸಭೆ ಶಾಲೆಯ ಕೋಣೆಯಲ್ಲಿ ಸೇರಿತ್ತು. ಗಂಡಸರು ಬೆಂಚುಗಳ ಮೇಲೆ, ಹೆಂಗಸರು ಗೋಡೆಗೊರಗಿ ನೆಲದ ಮೇಲೆ, ಕೈಯಲ್ಲಿ ಕದಿರು ತಿರುಗಿಸುತ್ತ. ಹುಸ್ತೀನ ಮರಿಯನ್ನು ಮೇಜಿನ ಮೇಲೆ ಮಲಗಿಸಿದಳು. ಕೋಣೆ ತಣ್ಣಗಿತ್ತು, ಎಲ್ಲರ ಮೂಗಿನಿಂದಲೂ ಹಬೆ ಬರುತ್ತಿತ್ತು. ಮರಿಗೆ ಮಾತ್ರ ಬಾಯಿಂದ ಬರುತ್ತಿತ್ತು. ಅವಳು ಉಣ್ಣೆಯ ಎಳೆ ಹಿಡಿದು ತೋರಿಸಿದಳು. ಜನ ಎದ್ದು ಬಂದು ಬಗ್ಗಿ ನೋಡಿದರು. ಕದಿರುಗಳು ನಿಂತವು. ಯಾರೋ "ಪಾಪ" ಅಂದರು. ಆ ಗಳಿಗೆಯಲ್ಲಿ ಊರು ತನ್ನ ಮಾತು ಕೇಳುತ್ತದೆ ಎಂದು ಅವಳಿಗೆ ಅನ್ನಿಸಿತು.

"ಇದು ಫುಯು ರಕ್ತದಿಂದ ಬಂದಿದ್ದು," ಎಂದಳು. "ಅದನ್ನ ಇನ್ನು ಯಾವ ಹೆಣ್ಣಿಗೂ ಬಿಡಬಾರ್ದು."

ಒನೊರಾತೊ ಎದ್ದರು. ಸಿಟ್ಟಾಗಲಿಲ್ಲ. ಟೋಪಿ ಕೈಯಲ್ಲಿ ಹಿಡಿದು ಮೆತ್ತಗೆ ಕೇಳಿದರು.

"ನಾನು ಓದಿಲ್ಲ. ಒಂದು ಮಾತು ಕೇಳ್ತೀನಿ, ನೀನೇ ಹೇಳು ತಾಯಿ. ಈ ದೋಷ ತಂದೆ ಒಬ್ಬನಿಂದ್ಲೇ ಬರತ್ತಾ?"

ಹುಸ್ತೀನಳಿಗೆ ಆ ಪ್ರಶ್ನೆ ಎಲ್ಲಿಂದ ಬಂತೆಂದು ಗೊತ್ತಾಯಿತು. ಅವರ ದೊಡ್ಡಿಯಲ್ಲಿ ನಿಂತು ಅವಳೇ ಹೇಳಿಕೊಟ್ಟ ಪಾಠ. ಇಲ್ಲ ಎನ್ನದೆ ಸುತ್ತಿ ಬಳಸಿ ಏನಾದರೂ ಹೇಳಬಹುದಿತ್ತು. ಹಾಗೆ ಹೇಳುವುದು ಅವಳಿಗೆ ಬರುತ್ತಿರಲಿಲ್ಲ.

"ಇಲ್ಲ. ತಾಯಿ ರಕ್ತದಲ್ಲೂ ಇರ್ಬೇಕು. ಇಬ್ಬರಿಂದ್ಲೂ ಬಂದಾಗ್ಲೇ ಹೀಗಾಗೋದು."

"ಕೇಳಿಸ್ತಾ ಎಲ್ಲಾರ್ಗೂ?" ಒನೊರಾತೊ ಸುತ್ತ ನೋಡಿದರು. "ಸತುರ್ನೀನೊ, ನಿಮ್ಮನೇಲಿ ಎಷ್ಟು ಹೀಗೆ ಹುಟ್ಟಿದಾವೆ?"

"ಒಂದೂ ಇಲ್ಲ."

"ಬೇರೆ ಯಾರ ಮನೇಲಾದ್ರೂ?"

ಜನ ಇಲ್ಲವೆಂದು ತಲೆಯಾಡಿಸಿದರು.

"ಹಾಗಾದ್ರೆ ಕೆಟ್ಟಿರೋದು ಫುಯು ಅಲ್ಲ, ನಿಕನೋರನ ಹೆಣ್ಣುಗಳು. ನಾನು ಹೇಳ್ತಿಲ್ಲ. ಅವಳೇ ಹೇಳ್ತಿದಾಳೆ."

"ಹಾಗಲ್ಲ!" ಹುಸ್ತೀನ ಮೇಜಿಗೆ ಕೈಯೂರಿದಳು. "ನಿಮ್ಮೆಲ್ಲರ ಮನೇಲಿ ಹುಟ್ಟಿರೋ ಚೆಂದದ ಮರಿಗಳಲ್ಲಿ ಅರ್ಧದಷ್ಟಾದ್ರೂ ಇದನ್ನ ಒಳಗಿಟ್ಕೊಂಡೇ ಹುಟ್ಟಿವೆ. ಈಗ ಕಾಣಲ್ಲ. ಮುಂದೆ ಅವುಗಳನ್ನೇ ಒಂದಕ್ಕೊಂದು ಕೂಡಿಸ್ದಾಗ ನಿಮ್ಮ ದೊಡ್ಡೀಲೂ ಇದೇ ಆಗತ್ತೆ."

"ಒಳಗಿರೋದು ನಿಂಗೆ ಹೇಗವ್ವ ಕಾಣ್ತು?" ಎಂದು ಹಿಂದಿನಿಂದ ಒಬ್ಬ ಹೆಂಗಸು ಕೇಳಿದಳು. "ಕಣ್ಣಲ್ಲೇ ಎಕ್ಸ್‌ರೇ ಇಟ್ಕೊಂಡಿದೀಯಾ?"

ಜನ ನಕ್ಕರು. ನಗು ಜೋರಾಗಿಯೇನೂ ಇರಲಿಲ್ಲ, ಆದರೆ ಆ ನಗುವಿನ ಜೊತೆ ಸಭೆ ಅವಳ ಕೈಬಿಟ್ಟಿತು. ಅವರ ದೊಡ್ಡಿಗಳಲ್ಲಿ ಬೆಳ್ಳಿಯಂಥ ಮರಿಗಳು ಓಡಾಡುತ್ತಿದ್ದವು. ಅವುಗಳ ಬಗ್ಗೆ ಕೆಟ್ಟದ್ದು ಕೇಳಲು ಯಾರಿಗೆ ಮನಸ್ಸು ಬರುತ್ತದೆ?

ಅವಳಿಗೆ ಉಳಿದಿದ್ದದ್ದು ಒಂದೇ ದಾರಿ. ಗೋಡೆಯ ಬಳಿ ಕೂತಿದ್ದ ಕಸಿಮೀರಳ ಕಡೆ ತಿರುಗಿದಳು.

"ಅವ್ವ, ನೀವು ಹೇಳಿ. ನಿಮ್ಮ ಮಂದೇಲೂ ಹೀಗೆ ಹುಟ್ಟಿವೆ ಅಲ್ವಾ? ದೊಡ್ಡಿ ಹಿಂದೆ ಏನಿದೆ ಹೇಳಿ."

ಎಲ್ಲರೂ ಕಸಿಮೀರಳನ್ನು ನೋಡಿದರು. ಅವಳು ಕದಿರನ್ನು ಮಡಿಲಲ್ಲಿಟ್ಟಳು. ಗಂಡನ ಕಡೆ ನೋಡಲಿಲ್ಲ, ಹುಸ್ತೀನಳ ಕಡೆಗೂ ನೋಡಲಿಲ್ಲ.

"ಹಿಮಕ್ಕೆ ಸತ್ತವು ಕೆಲವು," ಎಂದಳು. "ಎಲ್ಲರ ಮನೇಲೂ ಸಾಯೋ ಹಾಗೆ."

"ಹೋಗಿ ಅಗೆದು ನೋಡಿದ್ರಾಯ್ತು!" ಎಂದು ನಿಕನೋರ್ ಕೂಗಿದ.

"ಅಗೀರಿ," ಎಂದರು ಒನೊರಾತೊ. "ಆದ್ರೆ ಮೊದ್ಲು ಹುಸ್ತೀನ ಹೇಳ್ಲಿ. ಇವಳಿಗೆ ಉಣಿಸಿ ಬೆಳೆಸಿದವಳು ಊರ ಮುಂದೆ ಸುಳ್ಳು ಹೇಳ್ತಿದಾಳೆ ಅಂತ, ಇವಳ ಬಾಯಿಂದ್ಲೇ ಬರ್ಲಿ."

ಕಸಿಮೀರ ತಲೆ ಎತ್ತಿದ್ದು ಆಗ. ಅವಳ ಮುಖದಲ್ಲಿ ಬೇಡಿಕೆಯೂ ಇರಲಿಲ್ಲ, ಅಳುವೂ ಇರಲಿಲ್ಲ. ಏಟು ಬೀಳುತ್ತದೆಂದು ಗೊತ್ತಿದ್ದು ಅಲುಗಾಡದೆ ನಿಂತ ಪ್ರಾಣಿಯ ಮುಖ. ಹುಸ್ತೀನ ಬಾಯಿ ತೆರೆದಳು. ಸಭೆ ಕಾಯಿತು. ನಿಕನೋರ್ ಅವಳ ತೋಳು ಹಿಡಿದು ಅಲುಗಿಸಿ, "ಹೇಳಕ್ಕ, ಹೇಳು," ಎಂದ. ಅವಳು ಹೇಳಲಿಲ್ಲ. ಅವಳೇ ಹೇಳದ ಮೇಲೆ ಅಗೆದು ನೋಡಲು ಯಾರೂ ಏಳಲಿಲ್ಲ.

ಸತುರ್ನೀನೊ ಗಂಟಲು ಸರಿ ಮಾಡಿಕೊಂಡು ತೀರ್ಮಾನ ಹೇಳಿದ. ಫುಯು ಊರಿನ ಬೀಜದ ಗಂಡಾಗಿಯೇ ಮುಂದುವರಿಯುತ್ತದೆ. ನಿಕನೋರನ ಹೆಣ್ಣುಗಳನ್ನು ಊರಿನ ಮಂದೆಯ ಜೊತೆ ಸೇರಿಸುವಂತಿಲ್ಲ. ಕೈಗಳು ಮೇಲೆದ್ದವು. ಆ ಹೊತ್ತಿಗೆ ಮೇಜಿನ ಮೇಲಿನ ಮರಿ ಸತ್ತಿತ್ತು, ಅದನ್ನು ಯಾರೂ ಗಮನಿಸಿರಲಿಲ್ಲ.

ಕೆಟ್ಟ ರಕ್ತದ ಮಂದೆ ಎಂದು ಹೆಸರಾದ ಮೇಲೆ ನಿಕನೋರನ ಹೆಣ್ಣುಗಳನ್ನು ಸಾಕಲು ಯಾರೂ ಕೊಳ್ಳಲಿಲ್ಲ. ಮಾಂಸದ ಲಾರಿ ಬಂತು. ಹುಸ್ತೀನ ಸುದ್ದಿ ಕೇಳಿ ಬೈಕಿನಲ್ಲಿ ಕೊಚಪಾತದ ರಸ್ತೆಗೆ ಬಂದಾಗ ಕೊನೆಯ ಹೆಣ್ಣನ್ನು ಹಲಗೆಯ ಮೇಲೆ ತಳ್ಳಿ ಹತ್ತಿಸುತ್ತಿದ್ದರು. ಕಿವಿಗಳಲ್ಲಿ ಕುಚ್ಚು ಹಾಗೇ ಇತ್ತು.

"ನಿಲ್ಸಿ ನಿಕನೋರ್. ಬೇರೆ ರಕ್ತದ ಗಂಡು ತಂದು ಕೊಡ್ತೀನಿ. ಅದಕ್ಕೆ ಕೂಡಿಸಿದ್ರೆ ಒಂದು ಮರೀನೂ ಸಾಯಲ್ಲ. ಈ ಹೆಣ್ಣುಗಳು ಚೆನ್ನಾಗೇ ಇವೆ."

ನಿಕನೋರ್ ಹಗ್ಗ ಬಿಗಿಯುತ್ತಲೇ ಇದ್ದ. "ಚೆನ್ನಾಗಿವೆ ಅಂತ ಅವತ್ತು ಸಭೇಲಿ ಹೇಳ್ಬೇಕಿತ್ತು."

"ಹೇಳಿದೆ. ಕೇಳ್ಲಿಲ್ಲ ಯಾರೂ."

"ಕೇಳೋ ಹಾಗೆ ಹೇಳ್ಲಿಲ್ಲ ನೀನು," ಎಂದಳು ದಿಯೊನೀಸಿಯ. ಲಾರಿಯ ಚಕ್ರದ ಪಕ್ಕ ಕೂತಿದ್ದಳು. ಅವಳ ದನಿಯಲ್ಲಿ ಕೂಗಾಟವಿರಲಿಲ್ಲ. "ನೀನು ಬಾಯಿ ಮುಚ್ಕೊಂಡಿದ್ರೆ ನಮ್ಮ ಮರಿ ಮಾತ್ರ ಸಾಯ್ತಿದ್ವು. ಇಲ್ಲ, ಪೂರ್ತಿ ಬಾಯಿ ಬಿಟ್ಟಿದ್ರೆ ಫುಯು ಹೋಗ್ತಿತ್ತು. ಅರ್ಧ ಹೇಳಿದೆ. ತಾಯಂದಿರೂ ಹೋದ್ರು."

ನಿಕನೋರ್ ಆ ತಿಂಗಳೇ ಮೇಲಿನ ಚಿನ್ನದ ಗಣಿಗೆ ಕೂಲಿಗೆ ಹೋದ. ದಿಯೊನೀಸಿಯ ಗಣಿಯೂರಿನಲ್ಲಿ ಸೂಪು ಮಾರುತ್ತಾಳೆಂದು ಆಮೇಲೆ ಯಾರೋ ಹೇಳಿದರು.

ಕೊಚಪಾತದ ಉಣ್ಣೆಗೆ ಹೆಸರು ಬಂತು. ಕೊಳ್ಳುವವರು ದೊಡ್ಡ ಊರಿನಿಂದ ನೇರವಾಗಿ ಬರತೊಡಗಿದರು. ಕಲ್ಲಿನ ಮನೆಗಳಿಗೆ ತಗಡಿನ ಸೂರು ಬಂತು. ಹುಸ್ತೀನಳ ಮಾತು ಕೇಳಿದ್ದರೆ ಏನು ಗತಿ ಆಗುತ್ತಿತ್ತು ಎಂದು ಜನ ಕುಡಿದಾಗ ನೆನೆದು ನಗುತ್ತಿದ್ದರು. ಹುಸ್ತೀನಳನ್ನು ಆ ಕಡೆಯ ಪ್ರದರ್ಶನಗಳಿಗೆ ಕರೆಯುವುದು ನಿಂತೇ ಹೋಯಿತು. ಅವಳು ಪಟ್ಟಣದ ಉಣ್ಣೆ ಗೋದಾಮಿನಲ್ಲಿ ಕೆಲಸಕ್ಕೆ ಸೇರಿದಳು. ಅಲ್ಲಿ ಬರುತ್ತಿದ್ದದ್ದು ಕತ್ತರಿಸಿದ ಉಣ್ಣೆ. ಅದರ ಹಿಂದೆ ಯಾವ ಪ್ರಾಣಿ, ಅದರ ತಾಯಿ ಯಾರು ಎಂದು ಕೇಳುವ ಹಾಗಿರಲಿಲ್ಲ. ಕೊಚಪಾತದ ಮೂಟೆ ಬಂದಾಗ ಬಿಚ್ಚುವ ಮೊದಲೇ ಅವಳ ಬೆರಳಿಗೆ ಗೊತ್ತಾಗುತ್ತಿತ್ತು. ಅದನ್ನು ಮೊದಲ ದರ್ಜೆಯ ರಾಶಿಗೇ ಹಾಕುತ್ತಿದ್ದಳು, ಯಾಕೆಂದರೆ ಅದು ಮೊದಲ ದರ್ಜೆಯದೇ ಆಗಿತ್ತು.

ವರ್ಷಗಳಾದ ಮೇಲೆ ಒಂದು ಸಂತೆಯ ದಿನ ಕಸಿಮೀರ ಗೋದಾಮಿನ ಬಾಗಿಲಲ್ಲಿ ಬಂದು ನಿಂತಳು. ಇನ್ನಷ್ಟು ಕುಗ್ಗಿದ್ದಳು. ಒಣಮಾಂಸ, ಗಿಣ್ಣಿನ ಗಂಟು ತಂದಿದ್ದಳು. ಹುಸ್ತೀನ ಅವಳನ್ನು ಬೀದಿಯ ಮೂಲೆಯ ಚಹಾದಂಗಡಿಗೆ ಕರೆದುಕೊಂಡು ಹೋದಳು. ಇಬ್ಬರೂ ಬಿಸಿ ಬಟ್ಟಲು ಹಿಡಿದು ಕೂತರು.

"ಅಪ್ಪಯ್ಯ ಹೇಗಿದಾರೆ?"

"ಮಂಡಿ ನೋವು. ಹುಸ್ತೀನ ಬಂದ್ರೆ ಫುಯು ಮೊಮ್ಮಕ್ಕಳನ್ನ ತೋರಿಸ್ಬೋದಿತ್ತು ಅಂತಿರ್ತಾರೆ. ಅವಳಷ್ಟು ತುಪ್ಪಟ ತಿಳಿದೋರು ಇಲ್ಲ ಅಂತ."

ಹುಸ್ತೀನ ನಕ್ಕಳು, ನಗು ಅವಳಿಗೇ ಕಹಿಯಾಗಿ ಕೇಳಿಸಿತು. "ಸಭೇಲಿ ಯಾಕವ್ವ ಹಾಗೆ ಹೇಳಿದ್ರಿ?"

ಕಸಿಮೀರ ಚಹಾ ಊದಿದಳು.

"ನೀನು ಹೇಳಿದ್ಮೇಲೆ ಬೈಕ್ ಹತ್ತಿ ಹೋಗ್ತಿದ್ದೆ. ನಾನು ಅವರ ಜೊತೇಲೇ ಮನೆಗೆ ಹೋಗ್ಬೇಕಿತ್ತಲ್ಲ."

"ನಿಕನೋರ್ ಹಾಳಾದ."

"ಹೂಂ. ನನ್ನಿಂದ್ಲೇ ಆಯ್ತು. ನೀನೂ ಸುಮ್ಮನಿದ್ಯಲ್ಲ ಅವತ್ತು." ದೂರಿನಂತೆ ಹೇಳಲಿಲ್ಲ, ಇಬ್ಬರಿಗೂ ಗೊತ್ತಿದ್ದದ್ದನ್ನು ಹೇಳುವಂತೆ ಹೇಳಿದಳು. "ನಂಗೋಸ್ಕರ ಸುಮ್ಮನಿದ್ದೆ ಅಂತ ಗೊತ್ತು. ಇರಬಾರ್ದಿತ್ತು ಕಣವ್ವ. ನೀನು ಹೇಳ್ಬಿಟ್ಟಿದ್ರೆ ನಾನು ಅಳ್ತಿದ್ದೆ, ಅಷ್ಟೇ. ಒಪ್ಕೊಂಡೂ ಬಿಡ್ತಿದ್ನೇನೋ."

ಹುಸ್ತೀನ ಬಟ್ಟಲನ್ನು ಮೇಜಿನ ಮೇಲಿಟ್ಟಳು.

"ಈಗ ಬೇರೆ ಮನೆಗಳಲ್ಲೂ ಶುರುವಾಗಿದೆ," ಎಂದಳು ಕಸಿಮೀರ, ದನಿ ಇಳಿಸಿ. "ಸತುರ್ನೀನೊ ಹೆಂಡತಿ ಬೆಳಿಗ್ಗೆ ಬೆಳಿಗ್ಗೆ ಬಟ್ಟೇಲಿ ಸುತ್ಕೊಂಡು ಹಿಂದಕ್ಕೆ ಹೋಗ್ತಾಳೆ. ನೋಡಿದೀನಿ. ನಾನು ಕೇಳಲ್ಲ, ಅವಳು ಹೇಳಲ್ಲ."

"ಈಗ್ಲಾದ್ರೂ ಬನ್ನಿ. ಸಂಘಕ್ಕೆ ಹೋಗಿ ಹೇಳೋಣ. ಇಬ್ಬರೂ ಸೇರಿ."

ಕಸಿಮೀರ ಅವಳನ್ನು ತುಂಬ ಹೊತ್ತು ನೋಡಿದಳು. ಆ ನೋಟದಲ್ಲಿ ಪ್ರೀತಿ ಇತ್ತು, ಅದರಿಂದ ಯಾವ ಉಪಯೋಗವೂ ಇರಲಿಲ್ಲ.

"ಲಾರಿ ಹೊರಡೋ ಹೊತ್ತಾಯ್ತು," ಎಂದು ಎದ್ದಳು.

ಸಂತೆಯ ಲಾರಿಯವರೆಗೆ ಹುಸ್ತೀನ ಅವಳ ಗಂಟು ಹೊತ್ತು ನಡೆದಳು. ಜನ ಮೂಟೆಗಳ ಮೇಲೆ ಹತ್ತಿ ಕೂತಿದ್ದರು. ಯಾರೋ ಕೈ ಕೊಟ್ಟು ಕಸಿಮೀರಳನ್ನು ಮೇಲೆಳೆದುಕೊಂಡರು. ಅವಳು ಬೇಲಿಹಲಗೆಯ ಮೇಲಿಂದ ಬಗ್ಗಿ, ಸಮಾಧಾನ ಹೇಳುವವಳಂತೆ, ಹುಸ್ತೀನಳಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದಳು:

"ನಮ್ಮನೇಲಿ ಈ ವರ್ಷ ಸ್ವಲ್ಪ ಕಡಿಮೇನೇ ಸತ್ತಿವೆ ಬಿಡು."